ಸ್ಟ್ಯಾಂಡರ್ಡಾ, ಐವತ್ತಾ? ಪಿಸ್ಟನ್ ತಲೆ ನೋಡಿ ಹೇಳಿ

ಅಪ್ಪನ ಹಳೇ ಸ್ಪ್ಲೆಂಡರ್ ಬೈಕಿಗೆ ಒಮ್ಮೆ ನಾನೇ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಕೂತು ಸಿಲಿಂಡರ್ ಗೋಡೆಗೆ ಒತ್ತುವ ಬಳೆ) ಹಾಕಿದ್ದೆ. ಉಡುಪಿಯ ಒಂದು ಅಂಗಡಿಯಲ್ಲಿ "ಸ್ಪ್ಲೆಂಡರ್ ರಿಂಗ್ ಸೆಟ್" ಅಂದೆ, ಕೊಟ್ಟರು. ಎಲ್ಲ ಜೋಡಿಸಿ ಕಿಕ್ ಹೊಡೆದರೆ ಕಾಲಿಗೆ ಬಿಗಿಯೇ ಸಿಗಲಿಲ್ಲ. ಹೇಗೋ ಸ್ಟಾರ್ಟ್ ಆಯಿತು, ಅಂಗಳ ತುಂಬ ನೀಲಿ ಹೊಗೆ. ಪರಿಚಯದ ಮೆಕ್ಯಾನಿಕ್ ಬಂದು ಹೆಡ್ ಬಿಚ್ಚಿ ಪಿಸ್ಟನ್ ತಲೆಯ ಮಸಿ ಒರೆಸಿದರು. 0.50 ಅಂತ ಇತ್ತು. "ಎಂತ ಮಾರಾಯ್ರೆ, ಇಷ್ಟು ದೊಡ್ಡದಾಗಿ ಬರ್ದದ್ದು ಉಂಟಲ್ಲ!"

ಸ್ಪ್ಲೆಂಡರ್‌ನ ಬೋರ್, ಅಂದರೆ ಸಿಲಿಂಡರ್‌ನ ಒಳ ಅಳತೆ, 50 ಮಿ.ಮೀ. ನಮ್ಮದನ್ನು ಹಿಂದೆ ಯಾವಾಗಲೋ ಕೊರೆದು ದೊಡ್ಡದು ಮಾಡಿ 50.50ಕ್ಕೆ ತಂದಿದ್ದರು; ಪಿಸ್ಟನ್ ಮೇಲಿನ 0.50 ಆ ಹೆಚ್ಚಿದ ಅಳತೆ. ನಾನು ತಂದದ್ದು ಸ್ಟ್ಯಾಂಡರ್ಡ್ ರಿಂಗ್, ಅಂದರೆ ಕೊರೆಯದ ಸಿಲಿಂಡರ್‌ನದ್ದು. ಬರೀ ಅರ್ಧ ಮಿ.ಮೀ. ಅಲ್ವಾ ಅನ್ನಬೇಡಿ. ಸುತ್ತಳತೆ ಲೆಕ್ಕ ಹಾಕಿದರೆ ರಿಂಗ್‌ನ ಬಾಯಿ (ಅದರ ಎರಡು ತುದಿಗಳ ನಡುವಿನ ಸಂದು) ಒಂದೂವರೆ ಮಿ.ಮೀ. ಜಾಸ್ತಿ ತೆರೆದಿತ್ತು. ಅಂದಿನಿಂದ ಬೈಕಿನ ಹೆಸರು ಹೇಳಿ ಎಂಜಿನ್ ಸಾಮಾನು ಕೇಳುವುದು ಬಿಟ್ಟೆ. ಬಿಚ್ಚಿದ ಸಾಮಾನಿನ ಮೈಮೇಲೆ ಏನಿದೆಯೋ ಅದನ್ನೇ ಓದುತ್ತೇನೆ.

ಮೊದಲ ಕೆಲಸ ಕ್ಲೀನಿಂಗ್. ಕರಾವಳಿಯ ಉಪ್ಪುಗಾಳಿಗೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ, ಕಬ್ಬಿಣಕ್ಕೆ ತುಕ್ಕು. ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಎಮರಿ ಪೇಪರ್ ಬೇಡವೇ ಬೇಡ, ನಂಬರ್ ಕೂಡ ಹೋಗುತ್ತದೆ. ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ, ಮೇಲಿನ ಪುಡಿ ಬೆರಳಲ್ಲಿ ಒರೆಸಿ. ಗುಂಡಿಯಲ್ಲಿ ಬಿಳಿ ಉಳಿದು ಅಕ್ಷರ ಎದ್ದು ಕಾಣುತ್ತದೆ. ಮೊಬೈಲ್ ಟಾರ್ಚನ್ನು ಅಡ್ಡದಿಂದ ಹಿಡಿದರೆ ಇನ್ನೂ ಸಲೀಸು.

ಪಿಸ್ಟನ್ ತಲೆಯಲ್ಲಿ ಸಾಮಾನ್ಯವಾಗಿ 0.25, 0.50, 0.75, 1.00 ಎಂದೋ, ಬರೀ 25, 50 ಎಂದೋ ಇರುತ್ತದೆ. ಏನೂ ಇಲ್ಲದಿದ್ದರೆ ಹೆಚ್ಚಾಗಿ ಸ್ಟ್ಯಾಂಡರ್ಡ್. ಆದರೂ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದು ನೋಡುವುದು ಒಳ್ಳೆಯದು. ಅಲ್ಲೇ ಇಂಗ್ಲಿಷ್‌ನಲ್ಲಿ 'ಇನ್' ಅಂತ ಇದ್ದರೆ ಆ ಬದಿ ಕಾರ್ಬುರೇಟರ್ ಕಡೆ. ಬಾಣದ ಗುರುತಿದ್ದರೆ ಸಾಮಾನ್ಯವಾಗಿ ಸೈಲೆನ್ಸರ್ ಕಡೆ. ರಿಂಗ್‌ನ ಬಾಯಿಯ ಹತ್ತಿರ ಸಣ್ಣ ಅಕ್ಷರವಿದ್ದರೆ ಅದು ಮೇಲ್ಮುಖವಾಗಿ ಕೂರಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಬೇರಿಂಗ್ ನಂಬರ್. ಅದಕ್ಕೆ ಬೈಕ್ ಯಾವುದು ಎಂಬುದೇ ಬೇಡ. 6203 ತೆಗೆದುಕೊಳ್ಳಿ. ಕೊನೆಯ ಎರಡಂಕಿ ಒಳಗಿನ ತೂತಿನ ಅಳತೆ. 00 ಅಂದರೆ 10 ಮಿ.ಮೀ., 01 ಅಂದರೆ 12, 02 ಅಂದರೆ 15, 03 ಅಂದರೆ 17. 04ರಿಂದ ಆಚೆಗೆ ಐದರಿಂದ ಗುಣಿಸಿ: 04 ಅಂದರೆ 20, 05 ಅಂದರೆ 25. ಒಳತೂತು ಒಂದೇ ಆದರೂ 6204ರ ಹೊರ ಅಳತೆ 47, 6304ರದ್ದು 52. ಹಾಗಾಗಿ ನಾಲ್ಕೂ ಅಂಕಿ ಬರೆದುಕೊಳ್ಳಿ. ನಂಬರಿನ ಕೊನೆಯಲ್ಲಿ 'ಸಿ3' ಇದ್ದರೆ ಅದನ್ನೂ ಬಿಡಬೇಡಿ. ಒಳಗೆ ಸ್ವಲ್ಪ ಜಾಸ್ತಿ ಸಡಿಲ ಇಟ್ಟ ಬೇರಿಂಗ್ ಅದು. ಎಂಜಿನ್ ಬಿಸಿಗೆ ಬೇರಿಂಗ್ ಹಿಗ್ಗಿದಾಗ ಆ ಸಡಿಲ ಬೇಕಾಗುತ್ತದೆ. ಬೇರಿಂಗ್ ಅಂಗಡಿಯವರಿಗೆ "6304 ಸಿ3" ಅಂದರೆ ಸಾಕು, ಮರುಪ್ರಶ್ನೆ ಇಲ್ಲ. ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಇನ್ನೂ ಸುಲಭ: ಒಳಗಳತೆ, ಹೊರಗಳತೆ, ದಪ್ಪ ಮೂರೂ ರಬ್ಬರ್ ಮೇಲೆಯೇ ಇರುತ್ತವೆ.

ಎಂಜಿನ್ ಕೇಸ್ (ಹೊರಕವಚ) ಮತ್ತು ಬ್ಲಾಕ್ (ಸಿಲಿಂಡರ್ ಇರುವ ಭಾಗ) ಮೇಲಿನ ಬರಹ ಮಾತ್ರ ದಾರಿ ತಪ್ಪಿಸುತ್ತದೆ. ಉಬ್ಬಿದ ಅಕ್ಷರ ಅಚ್ಚಿನಿಂದ ಬಂದದ್ದು, ಗುಂಡಿ ಬಿದ್ದದ್ದು ಆಮೇಲೆ ಪಂಚ್ ಹೊಡೆದದ್ದು. ಉಬ್ಬಿದ 'ಎಡಿಸಿ12' ನೋಡಿ ಪಾರ್ಟ್ ನಂಬರ್ ಅಂದುಕೊಂಡವರು ಇದ್ದಾರೆ. ಅದು ಅಲ್ಯೂಮಿನಿಯಂ ಮಿಶ್ರಲೋಹದ ಹೆಸರು. ಗಡಿಯಾರದಂಥ ವೃತ್ತದಲ್ಲಿ ಬಾಣ ಇದ್ದರೆ ಅದು ಎರಕ ಹೊಯ್ದ ತಿಂಗಳು. ನಿಜವಾದ ಪಾರ್ಟ್ ನಂಬರ್ ಹೆಚ್ಚಾಗಿ ಡಬ್ಬಿಯ ಮೇಲೆ ಸಿಗುತ್ತದೆ. ಹೋಂಡಾ ಪದ್ಧತಿಯಲ್ಲಿ ಮೊದಲ ಐದಂಕಿ ಸಾಮಾನು ಯಾವುದು ಅಂತ ಹೇಳುತ್ತದೆ (13101 ಅಂದರೆ ಪಿಸ್ಟನ್), ನಡುವಿನ ಮೂರು ಅಕ್ಷರ ಯಾವ ಮಾಡೆಲ್‌ನದ್ದು ಅಂತ.

ಸ್ಪಾರ್ಕ್ ಪ್ಲಗ್ ಬಗ್ಗೆ ಎರಡೇ ಮಾತು. ಎನ್‌ಜಿಕೆ ಕಂಪನಿಯ ಪ್ಲಗ್‌ನಲ್ಲಿ ಮೊದಲ ಅಕ್ಷರ ಥ್ರೆಡ್ಡಿನ ಅಳತೆ: ಸಿ 10 ಮಿ.ಮೀ., ಡಿ 12, ಬಿ 14. ಅದರಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ 'ಕೋಲ್ಡ್' (ಬಿಸಿಯನ್ನು ಬೇಗ ಹೊರಬಿಡುವಂಥದ್ದು), ಬಾಷ್ ಕಂಪನಿಯದ್ದರಲ್ಲಿ ಉಲ್ಟಾ.

ಗುಜರಿಯಿಂದ ಪೂರ್ತಿ ಎಂಜಿನ್ ತರುವುದಾದರೆ ಬೇರೆಲ್ಲ ನಂಬರಿಗಿಂತ ಮೊದಲು ಎಂಜಿನ್ ನಂಬರ್ ನೋಡಿ. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ, ಕೊಡುವವರ ಆರ್‌ಸಿ ಜತೆ ಹೋಲಿಸಿ. ಅಂಕಿಗಳು ಓರೆಯಾಗಿದ್ದರೆ, ಆ ಜಾಗ ಮಾತ್ರ ಉಜ್ಜಿದ ಹಾಗೆ ನುಣುಪಾಗಿದ್ದರೆ, ರೇಟ್ ಎಷ್ಟೇ ಕಮ್ಮಿ ಹೇಳಿದರೂ ಅಲ್ಲೇ ಬಿಟ್ಟು ಬನ್ನಿ. ಎಲ್ಲ ಸರಿ ಇದ್ದರೂ ಕೆಎ-19 (ಮಂಗಳೂರು) ಇರಲಿ, ಕೆಎ-20 (ಉಡುಪಿ) ಇರಲಿ, ಎಂಜಿನ್ ಬದಲಿಸುವ ಮುಂಚೆ ಆರ್‌ಟಿಒ ಆಫೀಸಿಗೆ ಒಮ್ಮೆ ಹೋಗಲೇಬೇಕು.