ಲೇಹ್ ಹವಾಗೆ ಮೈ ಒಗ್ಗಿಸ್ಕೊಳ್ಳೋದು ಹೇಗೆ? ಹೊರಡೋ ಮುಂಚೆ ಇಷ್ಟು ಪ್ಲಾನ್ ಮಾಡ್ಕೊಳ್ಳಿ

ಲಡಾಖ್ ಟ್ರಿಪ್ ಅಂದ್ರೆ ಹೆಚ್ಚಿನವ್ರು ಮೊಬೈಲಲ್ಲಿ ಲೇಹ್ ಟೆಂಪರೇಚರ್ ನೋಡ್ತಾರೆ, ಜುಲೈನಲ್ಲಿ 24–25 ಡಿಗ್ರಿ ತೋರಿಸುತ್ತೆ, ಓ ನಮ್ ಬೆಂಗಳೂರು ಥರಾನೇ ಇದೆ ಅಂದ್ಕೊಂಡು ಹೊರಟುಬಿಡ್ತಾರೆ. ಆದ್ರೆ ಲೇಹ್ ಇರೋದು ಸುಮಾರು 3500 ಮೀಟರ್ ಎತ್ತರದಲ್ಲಿ, ಅಲ್ಲಿ ಡಿಗ್ರಿಗಿಂತ ಮುಂಚೆ ಎತ್ತರ ನೋಡಿ ಪ್ಲಾನ್ ಮಾಡ್ಬೇಕು.

ಮೊದಲು ತಿಂಗಳು ಫಿಕ್ಸ್ ಮಾಡಿ. ಮುಂಗಾರಿನ ಮೋಡಗಳು ಹಿಮಾಲಯದ ದಕ್ಷಿಣದ ಮಗ್ಗುಲಲ್ಲೇ ಸುರಿದು ಖಾಲಿಯಾಗೋದ್ರಿಂದ ಲೇಹ್‌ಗೆ ಇಡೀ ವರ್ಷಕ್ಕೆ ಬೀಳೋ ಮಳೆ ಸುಮಾರು 100 ಮಿಲಿಮೀಟರ್ ಅಷ್ಟೇ, ಆಗುಂಬೇಲಿ ಜೋರು ಮಳೆಗಾಲದ ಒಂದೇ ದಿನ ಅದಕ್ಕಿಂತ ಜಾಸ್ತಿ ಬೀಳುತ್ತೆ. ಹಾಗಂತ ಜುಲೈ-ಆಗಸ್ಟಲ್ಲಿ ಮನಾಲಿ ಕಡೆಯಿಂದ ರೋಡಲ್ಲಿ ಹೋಗೋರು ನಿಶ್ಚಿಂತೆಯಿಂದ ಇರೋ ಹಾಗಿಲ್ಲ, ಕುಲ್ಲು ಕಣಿವೇಲಿ ಮಳೆ ಬಂದು ಗುಡ್ಡ ಕುಸೀತಾ ಇರುತ್ತೆ. ಲೇಹ್‌ನಲ್ಲೇ 2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟ ಆಗಿ ಆ ಪ್ರವಾಹದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ರು. ಮರಗಿಡ ಇಲ್ಲದ ಬೋಳು ಗುಡ್ಡ, ನೀರಿನ ಜೊತೆ ಮಣ್ಣು ಕಲ್ಲು ಎಲ್ಲಾ ಒಟ್ಟಿಗೆ ಇಳಿದುಬಂತು. ಅದಕ್ಕೇ ಒಣಗಿರೋ ಹಳ್ಳದ ಪಾತ್ರದಲ್ಲಿ ಯಾವ ಕಾರಣಕ್ಕೂ ಟೆಂಟ್ ಹಾಕ್ಬೇಡಿ. ನನ್ನ ಕೇಳಿದ್ರೆ ಸೆಪ್ಟೆಂಬರ್ ಒಳ್ಳೇದು, ಆಕಾಶ ತಿಳಿಯಾಗಿರುತ್ತೆ, ರೋಡೂ ಓಪನ್ ಇರುತ್ತೆ, ರಾತ್ರಿ ಚಳಿ ಮಾತ್ರ ಶುರುವಾಗಿರುತ್ತೆ.

ಜನವರಿಗೆ ಹೋಗೋ ಆಸೆ ಇದ್ರೆ ಅದು ಬೇರೆನೇ ಲೆಕ್ಕ. ರಾತ್ರಿ ಮೈನಸ್ 14ರ ಆಸುಪಾಸು ಸಾಮಾನ್ಯ, ಪೈಪಲ್ಲಿರೋ ನೀರು ಹೆಪ್ಪುಗಟ್ಟುತ್ತೆ, ಸುಮಾರು ಗೆಸ್ಟ್‌ಹೌಸ್‌ಗಳು ಮುಚ್ಚಿರ್ತವೆ. ರೂಮಲ್ಲಿ ಬುಖಾರಿ ಒಲೆ ಇದ್ರೆ ಮಲಗೋ ಮುಂಚೆ ಆರಿಸಿ, ಕಿಟಕಿ ಬಾಗಿಲು ಮುಚ್ಕೊಂಡು ಅದನ್ನ ಉರಿಸ್ತಾ ಮಲಗಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ಕೊಂಡು ಜೀವಕ್ಕೇ ಅಪಾಯ.

ಎರಡನೇದು, ಇದೇ ಎಲ್ಲಕ್ಕಿಂತ ಮುಖ್ಯ: ಫ್ಲೈಟಲ್ಲಿ ಇಳಿದ ಮೇಲೆ ಎರಡು ದಿನ ಸುಮ್ನೆ ಇರಿ. ಲೇಹ್‌ನಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಮೂರನೇ ಒಂದು ಭಾಗ ಕಮ್ಮಿ, ಅಂದ್ರೆ ಒಂದೊಂದು ಉಸಿರಿಗೂ ಸಿಗೋ ಆಕ್ಸಿಜನ್ ಅಷ್ಟು ಕಮ್ಮಿ, ದೆಹಲಿಯಿಂದ ಸುಮಾರು ಒಂದೂವರೆ ಗಂಟೇಲಿ ಅಲ್ಲಿ ಇಳಿಯೋ ಮೈಗೆ ಹೊಂದ್ಕೊಳ್ಳೋಕೆ ಟೈಮೇ ಸಿಕ್ಕಿರಲ್ಲ. ಮೊದಲ ದಿನ ರೂಮಲ್ಲೇ ಇದ್ದು ನೀರು, ಸೂಪ್ ಕುಡೀತಾ ಇರಿ, ಡ್ರಿಂಕ್ಸ್ ಬೇಡವೇ ಬೇಡ. ಎರಡನೇ ದಿನ ಬೇಕಾದ್ರೆ ಬಜಾರಲ್ಲಿ ನಿಧಾನಕ್ಕೆ ಓಡಾಡಿ. ಸ್ವಲ್ಪ ತಲೆನೋವು, ನಿದ್ದೆ ಬರದೇ ಇರೋದು ಸುಮಾರು ಜನಕ್ಕೆ ಆಗುತ್ತೆ. ಆದ್ರೆ ಸುಮ್ನೆ ಕೂತಿದ್ರೂ ಏದುಸಿರು, ನಡೆಯೋವಾಗ ತೂರಾಟ, ಮಾತು ಗೊಂದಲ, ಇಂಥದ್ದು ಕಂಡ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ ಲೇಹ್‌ನ ಸೋನಂ ನೋರ್ಬು ಮೆಮೋರಿಯಲ್ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಇನ್ನೂ ಮೇಲೆ ಎಲ್ಲೋ ಇದ್ರೆ ಮೊದಲು ಕೆಳಗೆ ಇಳಿಸಿ. ಎತ್ತರಕ್ಕೆ ಮೈ ಹೊಂದ್ಕೊಳ್ಳೋಕೆ ನೆರವಾಗೋ ಡೈಮಾಕ್ಸ್ ಮಾತ್ರೆ ಊರಲ್ಲಿರೋವಾಗ್ಲೇ ಡಾಕ್ಟರನ್ನ ಕೇಳಿ ತಗೊಳ್ಳಿ, ಸಲ್ಫಾ ಅಲರ್ಜಿ ಇರೋರು ಅದನ್ನ ಮೊದಲೇ ಹೇಳ್ಬೇಕು. ಹಾರ್ಟ್ ಅಥವಾ ಶ್ವಾಸಕೋಶದ ತೊಂದರೆ ಇರೋ ಅಪ್ಪ-ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಡಾಕ್ಟರ್ ಹತ್ರ ಮಾತಾಡದೆ ಟಿಕೆಟ್ ಮಾಡ್ಬೇಡಿ.

ಆಮೇಲೆ ರೂಟ್. ರಾತ್ರಿ ಮಲಗೋ ಜಾಗದ ಎತ್ತರ ನೋಡಿ ಊರುಗಳನ್ನ ಜೋಡಿಸ್ಕೊಳ್ಳಿ. ನುಬ್ರಾ ಕಣಿವೆ ಲೇಹ್‌ಗಿಂತ ತಗ್ಗಲ್ಲಿದೆ, ಪ್ಯಾಂಗಾಂಗ್ ಸರೋವರ 4200 ಮೀಟರ್ ಮೇಲಿದೆ, ಹಾಗಾಗಿ ಮೊದಲು ನುಬ್ರಾ ಆಮೇಲೆ ಪ್ಯಾಂಗಾಂಗ್. ನುಬ್ರಾಗೆ ಹೋಗೋ ದಾರೀಲಿ ಬೆಟ್ಟ ದಾಟೋ ಜಾಗ ಖಾರ್ದುಂಗ್ ಲಾ 5359 ಮೀಟರ್, ಅಲ್ಲಿ ಫೋಟೋ ತಗೊಂಡು ಬೇಗ ಇಳಿದುಬಿಡಿ.

ಬಟ್ಟೆ ಒಂದರ ಮೇಲೊಂದು ಹಾಕೋ ಹಾಗೆ ಇರ್ಲಿ. ಗಾಳಿ ತೆಳು, ತೇವನೂ ಇಲ್ಲ, ಹಾಗಾಗಿ ಬಿಸಿಲಲ್ಲಿ ನಿಂತ್ರೆ ಚುರುಗುಟ್ಟುತ್ತೆ, ನೆರಳಿಗೆ ಬಂದ್ರೆ ಸ್ವೆಟರ್ ಬೇಕು, ಸೂರ್ಯ ಮುಳುಗಿದ ತಕ್ಷಣ ನೆಲದ ಶಾಖ ಎಲ್ಲಾ ಹೊರಟುಹೋಗುತ್ತೆ. ಥರ್ಮಲ್, ಸ್ವೆಟರ್, ವಿಂಡ್‌ಚೀಟರ್, ಮಂಕಿ ಕ್ಯಾಪ್ ಸಾಕು. ಪ್ರತಿ 1000 ಮೀಟರ್‌ಗೆ ಯುವಿ ಕಿರಣ ಸುಮಾರು 10 ಪರ್ಸೆಂಟ್ ಜಾಸ್ತಿ ಆಗೋದ್ರಿಂದ ಚಳಿ ಇದ್ರೂ ಸನ್‌ಸ್ಕ್ರೀನ್, ಕೂಲಿಂಗ್ ಗ್ಲಾಸ್, ಲಿಪ್ ಬಾಮ್ ಬಿಡ್ಬೇಡಿ. ಗುಂಪಾಗಿ ಹೋಗಿ ಅಡುಗೆ ಮಾಡ್ಕೊಳ್ಳೋರು ಕುಕ್ಕರ್ ತಗೊಂಡು ಹೋಗಿ, ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ, ಬೇಳೆ ಪಾತ್ರೇಲಿ ಬೇಯೋದು ಕಷ್ಟ.

ನೀರನ್ನ ಹಿಡಿದು ಬಳಸಿ, ದಯವಿಟ್ಟು. ಮಳೆ ಇಲ್ಲದ ಆ ಊರು ಬದುಕಿರೋದೇ ಹಿಮ ಕರಗಿ ಬರೋ ನೀರಿನ ಮೇಲೆ, ಬಿತ್ತನೆ ಟೈಮಲ್ಲಿ ಅದೂ ಸಾಲಲ್ಲ ಅಂತಾನೇ ಲಡಾಖಿನ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಕೃತಕ ಹಿಮನದಿ ಕಟ್ಟಿದ್ರು, ಅಲ್ಲಿಯವರೇ ಆದ ಸೋನಂ ವಾಂಗ್ಚುಕ್ ಚಳಿಗಾಲದ ನೀರನ್ನ ಗೋಪುರದ ಥರ ಹೆಪ್ಪುಗಟ್ಟಿಸಿಡೋ ಐಸ್ ಸ್ತೂಪ ಮಾಡಿದ್ರು. ಸ್ನಾನಕ್ಕೆ ಒಂದು ಬಕೆಟ್ ಸಾಕು, ಶವರ್ ಬೇಡ.

ಕೊನೇದಾಗಿ ಟೈಮಿಂಗ್. ಓಡಾಟ ಎಲ್ಲಾ ಬೆಳಿಗ್ಗೆ ಇಟ್ಕೊಳ್ಳಿ, ಮಧ್ಯಾಹ್ನ ಹಿಮ ಕರಗಿ ರೋಡಿಗೆ ಅಡ್ಡ ಹರಿಯೋ ಹಳ್ಳಗಳು ತುಂಬ್ಕೊಳ್ತವೆ, ಗಾಳಿನೂ ಜೋರು. ಫ್ಲೈಟುಗಳೂ ಹೆಚ್ಚಾಗಿ ಬೆಳಗಿನವೇ, ಬಿಸಿಲೇರಿದ್ರೆ ತೆಳು ಗಾಳಿ ಇನ್ನೂ ತೆಳುವಾಗಿ ವಿಮಾನ ಏಳೋದು ಕಷ್ಟ ಆಗುತ್ತೆ, 2024ರ ಜುಲೈ ಕೊನೇಲಿ ಬಿಸಿಲು ಜಾಸ್ತಿಯಾಗಿ ಹಲವು ಫ್ಲೈಟ್ ಕ್ಯಾನ್ಸಲ್ ಆಗಿದ್ವು. ಅದಕ್ಕೇ ದೆಹಲಿಯಿಂದ ಬೆಂಗಳೂರಿಗೆ ಬರೋ ಟಿಕೆಟ್ ಅದೇ ದಿನಕ್ಕೆ ಮಾಡ್ದೆ, ಮಧ್ಯ ಒಂದು ದಿನ ಖಾಲಿ ಬಿಡಿ.