ಗಾಡಿ ಬರುವ ಖರ್ಚು ಬೇರೆ ಕೇಳಿದೆ, ಜನ ಕೊಟ್ಟರು

"ಗಂಟೆ ಲೆಕ್ಕ ಬಿಟ್ಟು ಗಾಡಿ ಬರೋದಕ್ಕೂ ದುಡ್ಡಾ? ನಮ್ಮ ಕಡೆ ಯಾರೂ ಕೊಡಲ್ಲ ಬಿಡಣ್ಣ" ಎಂದು ಕೊರಟಗೆರೆಯ ಜೆಸಿಬಿ, ಹಿಟಾಚಿ ಮಾಲೀಕರೇ ನನಗೆ ಹೇಳಿದ್ದರು. ಈಗ ಎರಡು ವರ್ಷದಿಂದ ನನ್ನ ಗಿರಾಕಿಗಳು ಕೊಡುತ್ತಿದ್ದಾರೆ. ಆ ಮಾಲೀಕರಲ್ಲೇ ಮೂವರು ನನ್ನ ಲೆಕ್ಕ ಕೇಳಿಕೊಂಡು ಹೋಗಿದ್ದಾರೆ.

ನನ್ನ ಹತ್ತಿರ ಒಂದು ಜೆಸಿಬಿ, ಚಕ್ರದ ಬದಲು ಕಬ್ಬಿಣದ ಚೈನ್ ಮೇಲೆ ನಡೆಯುವ ಒಂದು 20 ಟನ್ನಿನ ಹಿಟಾಚಿ ಇವೆ. ನನ್ನ ಕಣ್ಣು ತೆರೆಸಿದ್ದು ಮಿಡಿಗೇಶಿ ಹತ್ತಿರದ ಒಂದು ಪೈಪ್ ಕಾಲುವೆ. ಜೆಸಿಬಿಗೆ ಎರಡೇ ಗಂಟೆ ಕೆಲಸ, ಕೈಗೆ ಬಂದಿದ್ದು 2,200 ರೂಪಾಯಿ. ಹೋಗೋಕೆ ಒಂದೂವರೆ ಗಂಟೆ, ಬರೋಕೆ ಒಂದೂವರೆ ಗಂಟೆ. ರಸ್ತೆಯಲ್ಲಿ ಓಡಿದರೂ ಎಂಜಿನ್‌ನ ಗಂಟೆ ಮೀಟರ್ ತಿರುಗುತ್ತದೆ, ಸರ್ವಿಸ್ ಬೇಗ ಬರುತ್ತದೆ, ಟೈರ್ ಸವೆಯುತ್ತದೆ. ಡೀಸೆಲ್‌ಗೇ 2,300ರ ಹತ್ತಿರ ಹೋಯಿತು. ಆಪರೇಟರ್ ಬಾಟಾ ಕೈಯಿಂದ ಕೊಟ್ಟೆ.

ಮೊದಲು ಗಂಟೆ ರೇಟಿಗೇ 150 ಸೇರಿಸಿ ನೋಡಿದೆ. ಅದು ದೊಡ್ಡ ತಪ್ಪು. 30 ಗಂಟೆ ಕೃಷಿ ಹೊಂಡ ತೋಡಿಸಿದವರು 4,500 ಜಾಸ್ತಿ ಕೊಟ್ಟರು, ಎರಡು ಗಂಟೆಯವರು ಬರೀ 300. ನನಗೆ ಅನ್ನ ಹಾಕುತ್ತಿದ್ದ ಹತ್ತಿರದ ಗಿರಾಕಿಗಳೇ ಬಿಟ್ಟು ಹೋದರು. ಆಮೇಲೆ ಕಡಿಮೆ ಅಂದ್ರೆ ನಾಲ್ಕು ಗಂಟೆ ಅಂತ ಮಾಡಿದೆ. ಗಂಟೆ ಮುಗಿಸೋಕೆ "ಆ ಕಲ್ಲು ಎತ್ತಿ, ಈ ಬೇಲಿ ಕೀಳಿ" ಅಂತ ಸುಮ್ನೆ ಕೆಲಸ ಹುಡುಕುತ್ತಿದ್ದರು. ಸುಟ್ಟಿದ್ದು ನನ್ನ ಡೀಸೆಲ್.

ಈಗ ಫೋನಿನಲ್ಲೇ ಎಲ್ಲ ಬಿಡಿಸಿ ಹೇಳುತ್ತೇನೆ. ಜೆಸಿಬಿಗೆ ಎಂಟು ಕಿ.ಮೀ. ಒಳಗೆ ಏನೂ ಇಲ್ಲ. ಆಚೆಗೆ ಹೋಗಿ ಬರುವ ದಾರಿ ಪೂರ್ತಿ ಹಿಡಿದು ಕಿ.ಮೀ.ಗೆ 25ರಂತೆ. ಹಿಟಾಚಿಗೆ ಟ್ರೈಲರ್ ಬಾಡಿಗೆಯನ್ನು ಗಿರಾಕಿಯೇ ಟ್ರೈಲರ್‌ನವರ ಕೈಗೆ ಕೊಡಬೇಕು. ಆ ದುಡ್ಡು ನನ್ನ ಕೈಗೆ ಬರುವುದೇ ಇಲ್ಲ ಅಂದ ಮೇಲೆ ಅನುಮಾನವೂ ಇಲ್ಲ ಅಲ್ವಾ? ಬಕೆಟ್ ಬಿಚ್ಚಿ ಕಲ್ಲು ಒಡೆಯುವ ಬ್ರೇಕರ್ ಕಟ್ಟಬೇಕಾದರೆ ಅದಕ್ಕೆ 1,500 ಬೇರೆ.

ಹಿಟಾಚಿಯನ್ನು ಟ್ರೈಲರ್‌ನಿಂದ ಇಳಿಸುವ ಕೂಲಿಯೂ ಬೇರೆ. ಅದು ಯಾಕೆ ಅಂತ ಕೇಳುವವರಿಗೆ ಡಾಂಬರು ದಾಟುವುದನ್ನು ನಿಂತು ನೋಡಿ ಅಂತೇನೆ. ಹೊಲದ ದಾರಿಗೆ ಟ್ರೈಲರ್ ತಿರುಗಲ್ಲ. ರಸ್ತೆಯಲ್ಲೇ ಇಳಿಸಿ ಚೈನ್ ಮೇಲೆ ನಡೆಸಬೇಕು. ಡಾಂಬರು ಕಿತ್ತರೆ ಊರವರು ಗಾಡಿ ಬಿಡಲ್ಲ. ಮೊದಲು ಮಣ್ಣಿನ ಚೀಲ ಹಾಸಿದೆ, ಒಡೆದು ಹೋದವು. ಜಲ್ಲಿ ಕ್ರಷರ್‌ನ ಹಳೇ ಬೆಲ್ಟ್ ತಂದೆ, ಅದನ್ನು ಎಳೆಯೋಕೇ ನಾಲ್ಕು ಜನ ಬೇಕು. ಕೊನೆಗೆ ಲಾರಿಯ ಹಳೇ ಟೈರ್ ಎಂಟು ಇಟ್ಟುಕೊಂಡೆ. ಹಿಂದಿನದನ್ನು ಇಬ್ಬರು ಹುಡುಗರು ಎತ್ತಿ ಮುಂದೆ ಹಾಸುತ್ತಾರೆ, ಚೈನ್ ಒಂದೊಂದೇ ಅಡಿ ಹತ್ತುತ್ತದೆ. 20 ಅಡಿ ರಸ್ತೆಗೆ ಅರ್ಧ ಗಂಟೆ. ಟೈರಿಗೆ ತಂತಿಯ ಹಿಡಿ ಕಟ್ಟುವುದರಲ್ಲಿ ಒಂದು ಉಪಾಯ ಇದೆ, ಅದು ನನ್ನ ಹುಡುಗರಿಗೆ ಮಾತ್ರ ಗೊತ್ತು.

ನಾನು ಅಂದುಕೊಳ್ಳದೇ ಇದ್ದ ಲಾಭ ಇನ್ನೊಂದು ಸಿಕ್ಕಿತು. ಬರುವ ಖರ್ಚು ಬೇರೆ ಅಂತ ಗೊತ್ತಾದ ಕೂಡಲೇ ಗಿರಾಕಿಯೇ ಪಕ್ಕದ ಹೊಲದವರನ್ನು ಸೇರಿಸುತ್ತಾನೆ. ಮಧುಗಿರಿ ಕಡೆಯ ಒಬ್ಬ ಅಜ್ಜ ಬೆಳಿಗ್ಗೆ ಫೋನ್ ಮಾಡಿ, ಸಂಜೆ ಮತ್ತೆ ಮಾಡಿದರು. "ಐದು ಜನ ಆಗಿದೀವಿ ಕಣಪ್ಪ, ತಲೆಗೆ ಎಷ್ಟು ಬೀಳುತ್ತೆ?" ಎಂದರು. ಯಾವ ತಿಂಗಳು ಯಾವ ಹೋಬಳಿಗೆ ನಾನೇ ಮೊದಲು ಫೋನ್ ಮಾಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ಈ ಬೇಸಿಗೆಯಲ್ಲಿ ಹಿಟಾಚಿ ಒಂದೇ ಊರಲ್ಲಿ ಒಂಬತ್ತು ದಿನ ನಿಂತಿತ್ತು. ಹನ್ನೊಂದು ಜನರ ಹೊಲ. ಟ್ರೈಲರ್ ಬಿಡೋಕೆ ಒಮ್ಮೆ, ತರೋಕೆ ಒಮ್ಮೆ ಬಂತು. ಬಾಡಿಗೆ ಸುಮಾರು 9,500. ತಲೆಗೆ 900ಕ್ಕಿಂತ ಕಡಿಮೆ ಬಿತ್ತು, ಒಬ್ಬರೂ ಚೌಕಾಸಿ ಮಾಡಲಿಲ್ಲ.