ಬಳ್ಳಾರಿಯ ಬಿಸಿಲಿನಲ್ಲಿ ವೈನ್ ವಿಮರ್ಶೆ: ನನ್ನ ಅನುಭವ

ವೈನ್ ಬಗ್ಗೆ ಬರೆಯುವವರು ಬೆಂಗಳೂರಿನಲ್ಲೋ ಮುಂಬೈನಲ್ಲೋ ಇರಬೇಕೆಂದು ಹಲವರು ನಂಬಿದ್ದಾರೆ. ನಾನು ಬಳ್ಳಾರಿಯಲ್ಲಿದ್ದುಕೊಂಡೇ ಈ ಕೆಲಸ ಮಾಡುತ್ತ ಬಂದಿದ್ದೇನೆ. ಓದುಗರು ದುಡ್ಡು ಕೊಟ್ಟು ಅಂಗಡಿಯಿಂದ ತರುವ ಬಾಟಲಿ ಯಾವುದೋ ಅದನ್ನೇ ವಿಮರ್ಶಕ ಅಳೆಯಬೇಕು ಎಂಬ ನನ್ನ ನಿಲುವು ಗಟ್ಟಿಯಾದದ್ದು ಈ ಊರಿನ ಬಿಸಿಲಿನಿಂದಲೇ.

ಈ ಕ್ಷೇತ್ರಕ್ಕೆ ನಾನು ಬಂದದ್ದು ಕೃಷಿ ವರದಿಗಾರಿಕೆಯ ದಾರಿಯಲ್ಲಿ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆಯ ತೋಟಗಳಿಗೆ ಓಡಾಡತೊಡಗಿದೆ. ಯುರೋಪಿನಲ್ಲಿ ಬಳ್ಳಿಗೆ ವರ್ಷಕ್ಕೊಂದೇ ಚಾಟ್ನಿ, ಅಂದರೆ ರೆಂಬೆ ಕತ್ತರಿಸುವ ಕೆಲಸ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಒಂದು, ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಚಾಟ್ನಿ ಮಾಡಿ, ಜನವರಿಯಿಂದ ಮಾರ್ಚ್‌ವರೆಗೆ ಹಣ್ಣು ಕೊಯ್ಯುತ್ತಾರೆ. ಚಳಿಗಾಲದ ರಾತ್ರಿಗಳ ತಂಪಿನಲ್ಲಿ ಹಣ್ಣಿನ ಹುಳಿ ಉಳಿಯುತ್ತದೆ. ಬಿಸಿಲು ಏರಿದಂತೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಇಳಿಯುತ್ತದೆ, ಸಕ್ಕರೆ ಏರುತ್ತದೆ. ಒಮ್ಮೆ ರೈತರೊಬ್ಬರು ಹಣ್ಣಿನ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹಣ್ಣನ್ನು ಹಿಂಡಿ ನನ್ನ ಕೈಗೆ ಕೊಟ್ಟು, "ನೋಡ್ರೀ ಸರ, ಇಪ್ಪತ್ಮೂರು ಐತಿ, ಇನ್ನೊಂದು ವಾರ ಬಿಟ್ರ ಹುಳಿ ಪೂರ್ತಿ ಹೋಗತೈತಿ" ಎಂದಿದ್ದರು. ವೈನಿನ ಸಮತೋಲ ಎಂದು ನಾವು ಬರೆಯುವುದರ ಅರ್ಧದಷ್ಟು ಆ ಒಂದು ವಾರದಲ್ಲೇ ತೀರ್ಮಾನವಾಗಿರುತ್ತದೆ.

ಬಳಿಕ ಲಂಡನ್ನಿನಲ್ಲಿ 1969ರಲ್ಲಿ ಆರಂಭವಾದ, ವೈನ್ ಮತ್ತು ಮದ್ಯದ ಶಿಕ್ಷಣ ಕೊಡುವ ಡಬ್ಲ್ಯೂಎಸ್ಇಟಿ ಸಂಸ್ಥೆಯ ಪಠ್ಯಕ್ರಮವನ್ನು ಓದಿದೆ. ಬಣ್ಣ, ವಾಸನೆ, ರುಚಿ, ಕೊನೆಗೆ ತೀರ್ಮಾನ ಎಂಬ ಕ್ರಮವನ್ನು ಅದು ಕೊಟ್ಟಿತು. ಆದರೆ ವಿಮರ್ಶಕನ ನಡತೆಯನ್ನು ನಾನು ಕಲಿತದ್ದು ಹಿರಿಯರ ವೃತ್ತಿಜೀವನವನ್ನು ನೋಡಿ. ವಕೀಲರಾಗಿದ್ದ ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ 1978ರಲ್ಲಿ ತಮ್ಮ ವೈನ್ ಪತ್ರಿಕೆಯನ್ನು ಆರಂಭಿಸಿದಾಗ ಗ್ರಾಹಕನ ಪರವಾಗಿ ನಿಲ್ಲುವುದನ್ನೇ ಗುರಿಯಾಗಿಟ್ಟುಕೊಂಡರು. ಅವರ ನೂರು ಅಂಕಗಳ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ 89 ಮತ್ತು 90ರ ನಡುವಿನ ಅಂತರವನ್ನು ಯಾವ ನಾಲಿಗೆಯೂ ನಿಖರವಾಗಿ ಅಳೆಯಲಾರದು. ಆದರೆ ಅವರ ಆ ನಿಲುವು ಒಪ್ಪಿಗೆಯಿದೆ. ವೈನ್ ವ್ಯಾಪಾರದ ಹೊರಗಿನಿಂದ ಬಂದು 1984ರಲ್ಲಿ ಮಾಸ್ಟರ್ ಆಫ್ ವೈನ್ ಎಂಬ ಕಠಿಣ ಪರೀಕ್ಷೆಯ ಅರ್ಹತೆ ಪಡೆದ ಮೊದಲಿಗರಾದ ಬ್ರಿಟನ್ನಿನ ವಿಮರ್ಶಕಿ ಜಾನ್ಸಿಸ್ ರಾಬಿನ್ಸನ್ ಅವರಂತೆ ನಾನೂ ಇಪ್ಪತ್ತು ಅಂಕಗಳಲ್ಲೇ ಅಳೆಯುತ್ತೇನೆ.

ಬಾಟಲಿಯ ಹೆಸರು ಕಾಣದಂತೆ ರುಚಿ ನೋಡುವುದು ನನ್ನ ಮನೆಯ ನಿಯಮ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ ವೈನ್ ಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಕೆಂಪು ವೈನಿನ ಗುಣಗಳಿಂದಲೇ ವರ್ಣಿಸಿದ್ದರು. ಬಣ್ಣವೇ ಇಷ್ಟು ದಾರಿ ತಪ್ಪಿಸುವುದಾದರೆ ಹೆಸರು, ಬೆಲೆ, ಗೆಳೆತನಗಳು ಎಷ್ಟು ತಪ್ಪಿಸಬೇಡ! ಆದ್ದರಿಂದ ನಮ್ಮ ಮನೆಯವರು ಬಾಟಲಿಗಳಿಗೆ ಬಟ್ಟೆಯ ಚೀಲ ತೊಡಿಸಿ, ಬರೀ ನಂಬರು ಬರೆದು ಇಡುತ್ತಾರೆ. ಬೆಳಗ್ಗೆ ಹತ್ತರ ಸುಮಾರಿಗೆ, ಅಡುಗೆಮನೆಯಲ್ಲಿ ಒಗ್ಗರಣೆ ಬೀಳುವ ಮುಂಚೆ, ದೇವರ ಮುಂದೆ ಊದುಬತ್ತಿ ಹಚ್ಚುವುದನ್ನೂ ಆ ದಿನ ಮುಂದೂಡಿ ಕೂರುತ್ತೇನೆ. ಹಿಂದಿನ ರಾತ್ರಿ ಮಿರ್ಚಿ, ಮಂಡಕ್ಕಿ ಮುಟ್ಟುವುದಿಲ್ಲ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ಶುದ್ಧಿಗೆ ನೀರು, ಉಪ್ಪು ಹಾಕದ ಖಡಕ್ ರೊಟ್ಟಿಯ ಚೂರು. ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಉಗುಳುತ್ತೇನೆ. ನುಂಗಿದರೆ ನಾಲ್ಕನೆಯ ಗ್ಲಾಸಿನ ಹೊತ್ತಿಗೆ ವಿವೇಚನೆ ಸಡಿಲಾಗುತ್ತದೆ. ಕೆಂಪು ವೈನ್ ಉಗುಳಿದ ಮೇಲೆ ನೇರಳೆಹಣ್ಣು ತಿಂದಂತೆ ನಾಲಿಗೆಯನ್ನು ಹಿಡಿಯುವ ಒಗರು ಎಷ್ಟು ಹೊತ್ತು ನಿಲ್ಲುತ್ತದೆ, ಅದು ನಯವೋ ಒರಟೋ ಎಂಬುದನ್ನು ಆಗಲೇ ಬರೆದುಕೊಳ್ಳುತ್ತೇನೆ.

ಇನ್ನು ಬಿಸಿಲಿನ ವಿಷಯ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಹಾಗೆ ಸುರಿದರೆ ಆಲ್ಕೊಹಾಲ್‌ನ ಘಾಟು ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಥರ್ಮಾಮೀಟರ್ ಹಿಡಿದು ಕೆಂಪು ವೈನನ್ನು 16ರಿಂದ 18 ಡಿಗ್ರಿಗೆ ತಂದ ಮೇಲೆಯೇ ಮೂಸುತ್ತೇನೆ. ಇದಕ್ಕಿಂತ ದೊಡ್ಡ ತೊಂದರೆ ಅಂಗಡಿಯದು. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ದೂಡುತ್ತದೆ, ಗಾಳಿ ಒಳಸೇರುತ್ತದೆ, ತಾಜಾ ಹಣ್ಣಿನ ವಾಸನೆಯ ಜಾಗದಲ್ಲಿ ಕುದಿಸಿದ ಜಾಮಿನ ವಾಸನೆ ಬರುತ್ತದೆ. ವೈನರಿಯಿಂದ ಬಂದ ಬಾಟಲಿಯನ್ನೂ ಅದೇ ವರ್ಷದ ಅಂಗಡಿಯ ಬಾಟಲಿಯನ್ನೂ ಪಕ್ಕಪಕ್ಕದಲ್ಲಿ, ನಂಬರಿನ ಚೀಲದೊಳಗೆ ಇಟ್ಟು ನೋಡಿದಾಗ ಎಷ್ಟೋ ಸಲ ಅವು ಬೇರೆ ಬೇರೆ ವೈನ್‌ಗಳಂತೆಯೇ ತೋರಿವೆ. ಹೀಗೆ ಬರೆದದ್ದಕ್ಕೆ ಒಂದು ವೈನರಿಯವರು ನನಗೆ ಮಾದರಿ ಬಾಟಲಿ ಕಳಿಸುವುದನ್ನು ನಿಲ್ಲಿಸಿದರು. ಬರವಣಿಗೆಯ ಸಂಭಾವನೆ ಚಿಕ್ಕದು. ಮನೆ ನಡೆಯುವುದು ಹೋಟೆಲ್ ಸಿಬ್ಬಂದಿಗೆ ನಾನು ನಡೆಸುವ ತರಬೇತಿಯಿಂದ. ಹಾಗಾಗಿ ಬಾಟಲಿಗಳನ್ನು ಕೊಂಡೇ ಬರೆಯುವುದು ಸಾಧ್ಯವಾಗಿದೆ.

ಈಗ ಪ್ರತಿ ವಿಮರ್ಶೆಯ ಕೆಳಗೆ ಬಾಟಲಿ ಎಲ್ಲಿಂದ ಬಂತು, ಯಾವ ತಿಂಗಳಲ್ಲಿ ಕೊಂಡದ್ದು, ಎಷ್ಟು ಡಿಗ್ರಿಯಲ್ಲಿ ರುಚಿ ನೋಡಿದ್ದು ಎಂದು ನಮೂದಿಸುತ್ತೇನೆ. ಬೇಸಿಗೆಯಲ್ಲಿ ಕೊಳ್ಳುವವರು ಬಿಸಿಲು ಬೀಳುವ ಶೆಲ್ಫಿನ ಬಾಟಲಿಯನ್ನು ಬಿಟ್ಟು, ಕಾರ್ಕ್ ಉಬ್ಬಿಲ್ಲದ್ದನ್ನು, ಆದಷ್ಟು ಹೊಸ ಸ್ಟಾಕಿನದನ್ನು ಕೇಳಿ ಪಡೆಯಲಿ. ಮನೆಗೆ ತಂದ ಮೇಲೆ, ಕೆಂಪು ವೈನ್ ಆದರೂ ಸರಿ, ಐಸ್ ಹಾಕಿದ ನೀರಿನ ಬಕೆಟ್ಟಿನಲ್ಲಿ ಕಾಲು ಗಂಟೆ ಮುಳುಗಿಸಿಟ್ಟು ಆಮೇಲೆ ತೆರೆಯಲಿ.